ಮೂಕಿಭಾರದ ಲೆಕ್ಕ: ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕಟ್ಟಿದ ಕ್ಯಾಂಪಿಂಗ್ ಟ್ರೇಲರ್

(ತುಮಕೂರಿನಲ್ಲಿ ಐಟಿಐ ವಿದ್ಯಾರ್ಥಿಗಳು ಮತ್ತು ಆಸಕ್ತರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.)

ಇಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರಾದರೂ ಚಿಕ್ಕಂದಿನಲ್ಲಿ ಕಮಾನು ಗಾಡಿಯಲ್ಲಿ ಮಲಗಿಕೊಂಡು ಜಾತ್ರೆಗೆ ಹೋಗಿರುತ್ತೀರಿ. ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಗೆ ನಮ್ಮ ತಾತ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಗಾಡಿಯ ಮೇಲೆ ಬಿದಿರಿನ ದಬ್ಬೆಗಳನ್ನು ಬಗ್ಗಿಸಿ ಮಾಡಿದ ಕಮಾನು, ಅದರ ಮೇಲೆ ಚಾಪೆ, ಒಳಗೆ ಹಾಸಿದ ಹುಲ್ಲಿನ ಮೇಲೆ ಜಮಖಾನ, ಹಿಂಬದಿಯಲ್ಲಿ ಅಡುಗೆಯ ಪಾತ್ರೆಗಳ ಮಂಕರಿ. ಜಾತ್ರೆ ಮುಗಿಯುವವರೆಗೆ ಹೆಂಗಸರು ಮಕ್ಕಳು ಗಾಡಿಯ ಒಳಗೂ ಗಂಡಸರು ಗಾಡಿಯ ಕೆಳಗೂ ಮಲಗುತ್ತಿದ್ದರು. ನಾನು ಇಂದು ಮಾತನಾಡಲಿರುವುದು ವಾಹನದ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಒಳಗೆ ಮಲಗಬಹುದಾದ ಪುಟ್ಟ ಗಾಡಿಯ ಬಗ್ಗೆ. ಅದಕ್ಕೆ ಕ್ಯಾಂಪಿಂಗ್ ಟ್ರೇಲರ್ ಎಂಬ ಹೆಸರು ಹೊಸದಾಗಿರಬಹುದು. ಗಾಲಿಯ ಮೇಲೆ ಹಾಸಿಗೆಯನ್ನೂ ಒಲೆಯನ್ನೂ ಹೊತ್ತುಕೊಂಡು ಹೋಗಿ, ಎಳೆದು ತಂದ ಎತ್ತನ್ನು ಬಿಚ್ಚಿ ಅಲ್ಲಿಯೇ ಇಳಿದುಕೊಳ್ಳುವ ವ್ಯವಸ್ಥೆ ನಮಗೆ ಹೊಸದಲ್ಲ.

ಆ ಗಾಡಿ ಹೂಡುವಾಗ ತಾತ ತಪ್ಪದೆ ಮಾಡುತ್ತಿದ್ದ ಒಂದು ಕೆಲಸವನ್ನು ಮೊದಲೇ ಹೇಳುತ್ತೇನೆ. ಸಾಮಾನು ತುಂಬಿದ ಮೇಲೆ, ಎತ್ತು ಕಟ್ಟುವ ಮೊದಲು, ಮೂಕಿಯ, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಸೇರುವ ಉದ್ದನೆಯ ಮರದ, ತುದಿಯನ್ನು ಎರಡು ಕೈಗಳಲ್ಲಿ ಹಿಡಿದು ಎತ್ತಿ ನೋಡುತ್ತಿದ್ದರು. ಮೂಕಿ ಭಾರವಾಗಿದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾಗಿದ್ದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಒಂದು ಮೂಟೆಯನ್ನು ಅಚ್ಚಿನ ಹಿಂದಿನಿಂದ ಮುಂದಕ್ಕೆ ಸರಿಸಿ ಮತ್ತೆ ಎತ್ತಿ ನೋಡಿ, ಕೈಗೆ ಒಪ್ಪಿದ ಮೇಲೆಯೇ ನೊಗ ಕಟ್ಟುತ್ತಿದ್ದರು. ಟ್ರೇಲರ್ ಕಟ್ಟುವ ವಿದ್ಯೆಯಲ್ಲಿ ನಾನು ಕಂಡುಕೊಂಡ ಮುಖ್ಯ ಸಂಗತಿ ಇದರಲ್ಲಿಯೇ ಇದೆ. ಹಣವನ್ನು ಉಳಿಸಬೇಕೆಂದು ಹೊರಡುವವರು ಮೊದಲು ತೂಕವನ್ನು ಲೆಕ್ಕ ಹಾಕಬೇಕು. ತೂಕ ಇಳಿದರೆ ಮರ ಕಡಿಮೆ ಸಾಕು, ಕಬ್ಬಿಣ ಕಡಿಮೆ ಸಾಕು, ಎಳೆಯುವ ವಾಹನ ದೊಡ್ಡದಾಗಬೇಕಿಲ್ಲ, ಡೀಸೆಲ್ ಉಳಿಯುತ್ತದೆ. ಆದ್ದರಿಂದ ನಾನು ಕೆಲಸ ಆರಂಭಿಸಿದ ದಿನವೇ ಎರಡು ನೋಟು ಪುಸ್ತಕಗಳನ್ನು ಇಟ್ಟೆ: ಒಂದರಲ್ಲಿ ರೂಪಾಯಿ, ಇನ್ನೊಂದರಲ್ಲಿ ಕೆ.ಜಿ. ಟ್ರೇಲರಿಗೆ ಸೇರಿದ ಪ್ರತಿಯೊಂದು ವಸ್ತು, ಒಂದು ಪೊಟ್ಟಣ ಸ್ಕ್ರೂ ಆದರೂ, ತಕ್ಕಡಿಯ ಮೇಲೆ ಹೋಗಿಯೇ ಒಳಗೆ ಹೋಯಿತು. ಈಗ ನಿಮ್ಮ ಮುಂದೆ ಓದುವ ಅಂಕಿಗಳು ಆ ಪುಸ್ತಕಗಳವೇ.

ಮರ, ಕಬ್ಬಿಣಕ್ಕೆ ಹೋಗುವ ಮೊದಲು ಕಾನೂನಿನ ವಿಷಯ. ಇದನ್ನು ಕೊನೆಗೆ ನೋಡಿಕೊಳ್ಳೋಣ ಎಂದುಕೊಂಡರೆ ಕಟ್ಟಿದ್ದೆಲ್ಲ ಹಿತ್ತಲಿನಲ್ಲಿಯೇ ಉಳಿಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೆ ಎಂಜಿನ್ ಇಲ್ಲ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸಾರ್ವಜನಿಕ ರಸ್ತೆಗೆ ಇಳಿಯಬೇಕಾದರೆ ಅದಕ್ಕೆ ನೋಂದಣಿ ಬೇಕು, ವಿಮೆ ಬೇಕು. ಹೊಸ ವಾಹನದ ನೋಂದಣಿಗೆ ತಯಾರಕರು ಕೊಡುವ ನಮೂನೆ 22ರ ಪ್ರಮಾಣಪತ್ರ ಬೇಕಾಗುತ್ತದೆ. ತಯಾರಕರು ತಮ್ಮ ಮಾದರಿಯನ್ನು ಪರೀಕ್ಷಾ ಸಂಸ್ಥೆಯಿಂದ ಅನುಮೋದಿಸಿಕೊಂಡಿರಬೇಕು. ಮನೆಯಲ್ಲಿ ಒಂದೇ ಒಂದು ಟ್ರೇಲರನ್ನು ಬೆಸುಗೆ ಹಾಕಿಕೊಂಡವರಿಗೆ ಈ ದಾರಿ ಬಹಳ ಕಷ್ಟದ್ದು ಮತ್ತು ದುಬಾರಿಯದು. ಆದ್ದರಿಂದ ಚಾಸಿಯನ್ನು, ಅಂದರೆ ಗಾಲಿಗಳ ಮೇಲೆ ಕೂತ ಕೆಳಗಿನ ಕಬ್ಬಿಣದ ಚೌಕಟ್ಟನ್ನು, ಕಾಗದಪತ್ರದ ಸಮೇತ ಕೊಳ್ಳಿ, ಮೇಲಿನ ಮನೆಯನ್ನು ಮಾತ್ರ ನೀವು ಕಟ್ಟಿ ಎಂಬುದು ನನ್ನ ಸ್ಪಷ್ಟವಾದ ಸಲಹೆ.

ನನಗೆ ಸಿಕ್ಕಿದ್ದು ಶಾಮಿಯಾನ ಇಟ್ಟುಕೊಂಡಿದ್ದವರೊಬ್ಬರ ಹಳೆಯ ಜನರೇಟರ್ ಟ್ರೇಲರ್. ಮದುವೆ ಮನೆಗಳಿಗೆ ಜನರೇಟರನ್ನು ಹೊತ್ತು ತಿರುಗಿದ್ದ ಎರಡು ಗಾಲಿಯ ಗಾಡಿ. ನೋಂದಣಿ ಸರಿಯಾಗಿತ್ತು, ನಮೂನೆ 29 ಮತ್ತು 30ನ್ನು ತುಂಬಿ ಟ್ರೇಲರನ್ನು ನನ್ನ ಹೆಸರಿಗೆ ಬದಲಾಯಿಸಿಕೊಂಡೆ. ಅದರ ಚೌಕಟ್ಟು 75 ಮಿ.ಮೀ.ಯ ‘ಸಿ’ ಆಕಾರದ ಕಬ್ಬಿಣದ ಚಾನೆಲಿನದು, ಮೀಟರಿಗೆ ಸುಮಾರು 7 ಕೆ.ಜಿ. ತೂಗುತ್ತದೆ. ನಾನೇ ಮಾಡುವುದಾಗಿದ್ದರೆ 50 ಮಿ.ಮೀ. ಅಗಲದ, 3 ಮಿ.ಮೀ. ದಪ್ಪದ ಚೌಕ ಪೈಪು ಹಾಕುತ್ತಿದ್ದೆ; ಅದು ಮೀಟರಿಗೆ ನಾಲ್ಕೂವರೆ ಕೆ.ಜಿ.ಗೂ ಕಡಿಮೆ. ಅಚ್ಚು, ಲೀಫ್ ಸ್ಪ್ರಿಂಗ್, ಗಾಲಿ ಎಲ್ಲ ಸೇರಿ ವೇಬ್ರಿಡ್ಜ್ ಮೇಲೆ 210 ಕೆ.ಜಿ. ಬಂದಾಗ ಬೇಸರವಾಯಿತು, ಆದರೆ ಕಾಗದಪತ್ರಕ್ಕಾಗಿ ಆ ತೂಕವನ್ನು ಒಪ್ಪಿಕೊಂಡೆ. ಮೇಲಿನ ಪೆಟ್ಟಿಗೆಯನ್ನು ಚಾಸಿಗೆ ಬೆಸುಗೆ ಹಾಕದೆ ಎಂಟು ಯು-ಬೋಲ್ಟ್‌ಗಳಿಂದ ಬಿಗಿದಿದ್ದೇನೆ. ಬೇಕಾದಾಗ ನಾಲ್ಕು ಜನ ಸೇರಿ ಇಳಿಸಬಹುದು. ಹೀಗಿದ್ದರೂ ಪೆಟ್ಟಿಗೆಯ ನಕ್ಷೆ, ಅಳತೆ, ತೂಕ ಇವನ್ನು ಬರೆದುಕೊಂಡು ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳುವುದು ಅಗತ್ಯ. ಎಳೆಯುವ ವಾಹನಕ್ಕೆ ಹಿಚ್, ಅಂದರೆ ಟ್ರೇಲರನ್ನು ಸಿಕ್ಕಿಸುವ ಕೊಂಡಿ, ಕೂರಿಸುವ ವಿಷಯಕ್ಕೂ ಇದೇ ಮಾತು, ಏಕೆಂದರೆ ವಾಹನದ ಮಾರ್ಪಾಡಿನ ಮೇಲೆ ಅದೇ ಕಾಯ್ದೆಯ 52ನೆಯ ಕಲಂ ನಿರ್ಬಂಧ ಹೇರುತ್ತದೆ. ಮಧುಗಿರಿ, ತಿಪಟೂರಿನ ಕಡೆಯವರಿಗೆ ಅಲ್ಲಿಯೇ ಆರ್‌ಟಿಒ ಕಚೇರಿಗಳಿವೆ. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಎಳೆಯುವ ವಾಹನದ ಬಗ್ಗೆ ಎರಡೇ ಮಾತು. ನಿಮ್ಮ ವಾಹನದ ಕೈಪಿಡಿಯಲ್ಲಿ ಎಳೆಯುವ ಸಾಮರ್ಥ್ಯ ಎಷ್ಟೆಂದು ಬರೆದಿದ್ದರೆ ಅದನ್ನು ಮೀರಬೇಡಿ. ಏನನ್ನೂ ಬರೆದಿಲ್ಲದಿದ್ದರೆ ಆ ವಾಹನದಿಂದ ಎಳೆಯಬೇಡಿ. ನಾನು ಬಳಸುವುದು ಹಳೆಯ ಬೊಲೆರೊ. ಅದರ ಬಾಡಿ ಪ್ರತ್ಯೇಕವಾದ ಚಾಸಿಯ ಮೇಲೆ ಕೂತಿರುವುದರಿಂದ ಹಿಚ್ಚನ್ನು ನೇರವಾಗಿ ಚಾಸಿಗೆ ಬಿಗಿಯಲು ಸಾಧ್ಯವಾಯಿತು. ತೆಳುವಾದ ಬಂಪರಿಗೆ ಹಿಚ್ ಕಟ್ಟಿದವರನ್ನು ಕಂಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಈಗ ಮೂಕಿಭಾರ. ಕಪ್ಲಿಂಗಿನ ಮೇಲೆ, ಅಂದರೆ ಟ್ರೇಲರಿನ ಮೂಗು ವಾಹನದ ಚೆಂಡಿನ ಮೇಲೆ ಕೂರುವ ಜಾಗದಲ್ಲಿ, ಒಟ್ಟು ತೂಕದ ಸುಮಾರು ನೂರಕ್ಕೆ ಹತ್ತರಷ್ಟು ಭಾರ ಬೀಳಬೇಕು, ಹದಿನೈದರವರೆಗೆ ನಡೆಯುತ್ತದೆ. ಅದಕ್ಕಿಂತ ಬಹಳ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರಿನ ಬಾಲ ಎಡಕ್ಕೂ ಬಲಕ್ಕೂ ತೂಗಾಡಲು ಆರಂಭಿಸುತ್ತದೆ, ಆ ತೂಗಾಟ ಬೆಳೆಯುತ್ತಾ ಹೋಗಿ ಎಳೆಯುವ ವಾಹನವನ್ನೇ ಅಡ್ಡ ತಿರುಗಿಸುತ್ತದೆ. ಲೆಕ್ಕ ಸುಲಭ. ನನ್ನ ಟ್ರೇಲರಿನಲ್ಲಿ ಕಪ್ಲಿಂಗಿನಿಂದ ಅಚ್ಚಿಗೆ 2.4 ಮೀಟರ್ ದೂರ. ತುಂಬಿದ ತೂಕ 450 ಕೆ.ಜಿ. ಮೂಗಿನ ಮೇಲೆ 45 ಕೆ.ಜಿ. ಬೇಕಾದರೆ, 45ನ್ನು 2.4ರಿಂದ ಗುಣಿಸಿ 450ರಿಂದ ಭಾಗಿಸಿ, 0.24 ಮೀಟರ್. ಅಂದರೆ ಇಡೀ ಗಾಡಿಯ ಭಾರದ ಕೇಂದ್ರ ಅಚ್ಚಿಗಿಂತ 24 ಸೆಂ.ಮೀ. ಮುಂದಿರಬೇಕು. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆ ಒಂದು ಗೇಣಿನಲ್ಲಿ ನಿಮ್ಮ ಕುಟುಂಬದ ಸುರಕ್ಷತೆ ಇದೆ. ಜನರೇಟರ್ ಟ್ರೇಲರಿನ ಅಚ್ಚನ್ನು ಸರಿಸುವಂತಿರಲಿಲ್ಲವಾದ್ದರಿಂದ ನಾನು ಪೆಟ್ಟಿಗೆಯನ್ನೇ 15 ಸೆಂ.ಮೀ. ಮುಂದಕ್ಕೆ ಕೂರಿಸಿದೆ.

ಇಷ್ಟು ಲೆಕ್ಕ ಹಾಕಿದವನೂ ಮೊದಲ ಪ್ರಯಾಣದಲ್ಲಿಯೇ ಪೆಟ್ಟು ತಿನ್ನುವುದರಲ್ಲಿದ್ದೆ. ಅಡುಗೆಯ ಜಾಗ ಹಿಂಬದಿಯಲ್ಲಿದ್ದುದರಿಂದ ಎರಡು ನೀರಿನ ಕ್ಯಾನುಗಳನ್ನೂ ಗ್ಯಾಸ್ ಸಿಲಿಂಡರನ್ನೂ ಅಲ್ಲಿಯೇ ಇಟ್ಟಿದ್ದೆವು; ಕೈಗೆ ಸಿಗುವಂತಿರಲಿ ಎಂಬುದು ಮನೆಯವರ ಅಭಿಪ್ರಾಯವೂ ಆಗಿತ್ತು, ನನಗೂ ಸರಿಯೆನಿಸಿತ್ತು. ಶಿರಾ ದಿಕ್ಕಿನ ಹೆದ್ದಾರಿಯಲ್ಲಿ ವೇಗ 60 ದಾಟಿದಾಗ, ಪಕ್ಕದಲ್ಲಿ ಒಂದು ಲಾರಿ ಹಾದುಹೋದ ಗಾಳಿಗೆ ಟ್ರೇಲರ್ ತೂಗಾಡತೊಡಗಿತು. ಇಂಥ ಹೊತ್ತಿನಲ್ಲಿ ಬ್ರೇಕ್ ಒತ್ತಬಾರದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಹಾಗೆಯೇ ಮಾಡಿದೆ, ವೇಗ ಇಳಿದಂತೆ ತೂಗಾಟ ನಿಂತಿತು. ಬದಿಗೆ ನಿಲ್ಲಿಸಿ, ಕ್ಯಾನುಗಳನ್ನು ಒಳಗೆ ಅಚ್ಚಿನ ಮುಂದಕ್ಕೆ ತಂದು ಕಟ್ಟಿ, ನಿಧಾನವಾಗಿ ಹಿಂದಿರುಗಿದೆವು. ಮರುದಿನ ಪರಿಚಯದವರ ಹುಣಸೆ ಮಂಡಿಯಲ್ಲಿ ಟ್ರೇಲರನ್ನು ಸಮವಾಗಿ ನಿಲ್ಲಿಸಿ, ಮೂಗಿನ ಕೆಳಗೆ ಎಲೆಕ್ಟ್ರಾನಿಕ್ ಕಾಟಾ ಇಟ್ಟು ಎರಡು ರೀತಿಯಲ್ಲಿಯೂ ತೂಗಿದೆವು. ನೀರು, ಗ್ಯಾಸ್ ಹಿಂದಿದ್ದಾಗ 14 ಕೆ.ಜಿ.; ಅವನ್ನು ಅಚ್ಚಿನ ತುಸು ಮುಂದಿಟ್ಟಾಗ 47 ಕೆ.ಜಿ. ಒಂದು ಗ್ರಾಂ ಕೂಡಿಸಲಿಲ್ಲ, ಕಳೆಯಲಿಲ್ಲ. ಇಟ್ಟ ಜಾಗ ಮಾತ್ರ ಬದಲಾಯಿತು. ತಾತ ಮೂಟೆ ಸರಿಸುತ್ತಿದ್ದುದು ಆಗ ನೆನಪಾಯಿತು. ಅಂದಿನಿಂದ ನೀರಿಗೂ ಸಿಲಿಂಡರಿಗೂ ಅಚ್ಚಿನ ಮುಂದೆ, ಹೊರಬದಿಗೆ ಮಾತ್ರ ಬಾಗಿಲಿರುವ ಪ್ರತ್ಯೇಕ ಖಾನೆ ಮಾಡಿದ್ದೇನೆ. ಸಿಲಿಂಡರ್ ಖಾನೆಯ ತಳದಲ್ಲಿ ರಂಧ್ರಗಳಿವೆ, ಏಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ನಿಲ್ಲುತ್ತದೆ.

ಎರಡು ಸುರಕ್ಷಾ ಸರಪಳಿಗಳನ್ನು ಮೂಗಿನ ಕೆಳಗೆ ಕತ್ತರಿಯಾಕಾರದಲ್ಲಿ ಕಟ್ಟುವುದು, ಹಿಂಬದಿಯ ದೀಪ, ಬ್ರೇಕ್ ದೀಪ, ಇಂಡಿಕೇಟರುಗಳಿಗೆ ಏಳು ಪಿನ್ನಿನ ಪ್ಲಗ್ ಹಾಕುವುದು, ಪ್ರತಿಫಲಕ ಅಂಟಿಸುವುದು, ಇವು ಚರ್ಚೆಗೆ ಅವಕಾಶವಿಲ್ಲದ ಸಂಗತಿಗಳು. ಪ್ರತ್ಯೇಕ ಬ್ರೇಕಿನ ಬಗ್ಗೆ ಕೇಳುತ್ತೀರಿ. ಯುರೋಪಿನಲ್ಲಿ ಒಟ್ಟು ತೂಕ 750 ಕೆ.ಜಿ. ಮೀರದ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯವಲ್ಲ. ನಾನು ಅದರ ಮೂರರಲ್ಲಿ ಎರಡು ಭಾಗದ ಒಳಗೇ ಇರಬೇಕೆಂದು ಮೊದಲೇ ನಿಶ್ಚಯಿಸಿಕೊಂಡೆ. ರಸ್ತೆಯಲ್ಲಿ ಈಗಲೂ ಗಂಟೆಗೆ 50 ಕಿ.ಮೀ. ದಾಟುವುದಿಲ್ಲ.

ಇನ್ನು ಮನೆ ಕಟ್ಟುವ ಮಾತು. ಅಮೆರಿಕದಲ್ಲಿ 1930ರ ದಶಕದಿಂದ ಕಣ್ಣೀರ ಹನಿಯ ಆಕಾರದ ಪುಟ್ಟ ಟ್ರೇಲರುಗಳನ್ನು ಜನ ತಮ್ಮ ಶೆಡ್ಡುಗಳಲ್ಲಿಯೇ ಕಟ್ಟುತ್ತ ಬಂದರು. ಮುಂದೆ ಉಬ್ಬಿ ಹಿಂದಕ್ಕೆ ಇಳಿಯುವ ಬೆನ್ನು, ಒಳಗೆ ಇಬ್ಬರಿಗೆ ಹಾಸಿಗೆ, ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆ ಮನೆ. ಆ ವಿನ್ಯಾಸ ಇಷ್ಟು ಕಾಲ ಉಳಿದದ್ದಕ್ಕೆ ಒಂದು ಸರಳವಾದ ಕಾರಣವಿದೆ: ಪ್ಲೈವುಡ್ ಹಾಳೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದು ಬದಿಗೆ ಒಂದು ಹಾಳೆ. ಚೂರು ಉಳಿಯುವುದು ಕಡಿಮೆ, ಜೋಡಣೆ ಕಡಿಮೆ. ನಮ್ಮ ಪ್ಲೈವುಡ್ ಅಂಗಡಿಗಳಲ್ಲಿ ಸಿಗುವುದೂ ಅದೇ ಅಳತೆ. ನನ್ನ ಪೆಟ್ಟಿಗೆಯೂ ಎಂಟು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಎತ್ತರ. ಒಳಗೆ ನಿಲ್ಲಲಾಗುವುದಿಲ್ಲ ಎಂದು ಅನೇಕರು ಆಕ್ಷೇಪಿಸುತ್ತಾರೆ. ಮಲಗಲು ನಿಲ್ಲುವ ಎತ್ತರ ಬೇಡ. ಎತ್ತರ ಹೆಚ್ಚಿದಷ್ಟು ಗಾಳಿಯ ತಡೆ ಹೆಚ್ಚು, ತೂಕ ಹೆಚ್ಚು, ಖರ್ಚು ಹೆಚ್ಚು. ಕಮಾನು ಗಾಡಿಯೊಳಗೂ ಯಾರೂ ನಿಲ್ಲುತ್ತಿರಲಿಲ್ಲ.

ನಮ್ಮ ಬಡಗಿ ಅನುಭವಿ, ಕೈಗುಣ ಒಳ್ಳೆಯದು. ಅವರು ಬಂದೊಡನೆ ಎಲ್ಲಕ್ಕೂ 18 ಮಿ.ಮೀ. ಪ್ಲೈವುಡ್ ಬರೆದುಕೊಟ್ಟರು, ಏಕೆಂದರೆ ಅವರು ಜೀವನವಿಡೀ ಮಾಡಿದ್ದು ವಾರ್ಡ್‌ರೋಬು ಮತ್ತು ಅಡುಗೆ ಮನೆಯ ಕಪಾಟು. ನಾವು ತೂಕದ ಪುಸ್ತಕ ತೆರೆದೆವು. 18 ಮಿ.ಮೀ.ಯ ಒಂದು ಹಾಳೆ ಸುಮಾರು 35 ಕೆ.ಜಿ.; ಆರು ಹಾಳೆಯೆಂದರೆ 210 ಕೆ.ಜಿ., ಚಾಸಿಯಷ್ಟೇ ತೂಕ. ಅದರ ಬದಲು ನೆಲಕ್ಕೆ 9 ಮಿ.ಮೀ., ಹೊರಗೋಡೆಗೆ 6, ಚಾವಣಿಗೂ ಒಳಗೋಡೆಗೂ 4 ಮಿ.ಮೀ. ತೆಗೆದುಕೊಂಡು, ಎರಡು ತೆಳು ಹಾಳೆಗಳ ನಡುವೆ ಪೈನ್ ಪಟ್ಟಿಗಳ ಚೌಕಟ್ಟು ಕೊಟ್ಟೆವು. ಬಾಗಿಲು, ಬಣ್ಣ, ತಿರುಪು ಎಲ್ಲ ಸೇರಿ ಪೆಟ್ಟಿಗೆ 112 ಕೆ.ಜಿ.ಗೆ ಮುಗಿಯಿತು. ಒಂಟಿ ದಪ್ಪ ಹಲಗೆಗಿಂತ, ನಡುವೆ ಅಂತರವಿಟ್ಟು ಅಂಟಿಸಿದ ಎರಡು ತೆಳು ಹಾಳೆಗಳು ಬಾಗದೆ ನಿಲ್ಲುತ್ತವೆ. ಬಡಗಿ ಮೊದಲು ನಂಬಲಿಲ್ಲ. ಒಂದು ಗೋಡೆ ಸಿದ್ಧವಾದ ಮೇಲೆ ಅದನ್ನು ಎರಡು ಇಟ್ಟಿಗೆಗಳ ಮೇಲೆ ಮಲಗಿಸಿ ತಾವೇ ಮೇಲೆ ನಿಂತು ನೋಡಿದರು. ಆಮೇಲೆ ಅವರೇ ಉಳಿದ ಕಡೆಯೂ ಎಲ್ಲಿ ತೆಳುವಾಗಿಸಬಹುದೆಂದು ಹುಡುಕತೊಡಗಿದರು. ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಐಎಸ್ 710 ಎಂಬ ಗುರುತನ್ನು ನೋಡಿ. ಅದು ನೀರಿಗೆ ತಾಳುವ ಮರೈನ್ ದರ್ಜೆ. ಐಎಸ್ 303ರ ಎಂಆರ್ ದರ್ಜೆ ತೇವಕ್ಕೆ ಮಾತ್ರ ತಡೆಯುತ್ತದೆ, ಮಳೆಗೆ ಅಲ್ಲ. ನೆಲಕ್ಕೂ ಹೊರಗೋಡೆಗೂ ಮರೈನ್ ಹಾಕಿ. ಒಳಗೋಡೆಗೆ ಅಗ್ಗದ್ದು ಸಾಕು.

ಪೈನ್ ಪಟ್ಟಿಗಳು ಎಲ್ಲಿಂದ ಬಂದವು ಎಂಬುದನ್ನೂ ಹೇಳಬೇಕು. ಹಿರೇಹಳ್ಳಿ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳಿಗೆ ಯಂತ್ರಗಳು ಬರುವುದು ಮರದ ಪೆಟ್ಟಿಗೆಗಳಲ್ಲಿ, ಪ್ಯಾಲೆಟ್‌ಗಳ ಮೇಲೆ. ಆ ಮರ ಗುಜರಿಗೆ ಬರುತ್ತದೆ. ಹಗುರವಾದ, ನೇರವಾದ ಪೈನ್. ಪ್ಯಾಲೆಟ್ ಮೇಲೆ ಸುಟ್ಟು ಒತ್ತಿದ ಮುದ್ರೆಯಿರುತ್ತದೆ. ಎಚ್‌ಟಿ ಎಂದಿದ್ದರೆ ಬಿಸಿಯಿಂದ ಹದಗೊಳಿಸಿದ್ದು, ತೆಗೆದುಕೊಳ್ಳಿ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದು, ಮಲಗುವ ಕೋಣೆಗೆ ಬೇಡ. ಮೊಳೆಗಳನ್ನು ಒಂದೂ ಬಿಡದೆ ಕಿತ್ತ ಮೇಲೆಯೇ ಗರಗಸಕ್ಕೆ ಕೊಡಿ.

ಚೌಕಟ್ಟು ಕೂಡಿಸುವಾಗ ಒಂದು ಸಣ್ಣ ಪ್ರಸಂಗ ನಡೆಯಿತು. ನಮ್ಮೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ನೆರೆಯವರೊಬ್ಬರು ನೋಡಲು ಬಂದಿದ್ದರು. ಅವರು ಏನೂ ಹೇಳದೆ ಒಂದು ದಾರ ಕೇಳಿ ಪಡೆದು, ನೆಲದ ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದು, ಗಂಟು ಹಾಕಿ, ಅದೇ ದಾರವನ್ನು ಇನ್ನೆರಡು ಮೂಲೆಗಳಿಗೆ ಹಿಡಿದರು. 6 ಮಿ.ಮೀ. ವ್ಯತ್ಯಾಸ. ಮೂಲೆಮಟ್ಟ ಇಟ್ಟು ನಾವು ಸರಿಯೆಂದುಕೊಂಡಿದ್ದ ಚೌಕಟ್ಟು ಓರೆಯಾಗಿತ್ತು. ಅಂದು ಬಿಚ್ಚಿ ಸರಿಪಡಿಸದಿದ್ದರೆ ಬಾಗಿಲುಗಳು ಎಂದಿಗೂ ಕೂರುತ್ತಿರಲಿಲ್ಲ. ಆ ಕಾರ್ಖಾನೆ 2016ರಲ್ಲಿ ಮುಚ್ಚಿತು, ಆದರೆ ಅಲ್ಲಿ ಕಲಿತ ಕಣ್ಣುಗಳು ಇನ್ನೂ ಊರಿನಲ್ಲಿವೆ. ನಿಮ್ಮಂಥ ಯುವಕರು ಅಂಥವರನ್ನು ಹುಡುಕಿಕೊಂಡು ಹೋಗಬೇಕು.

ಹೊರಮೈಗೆ ಅಲ್ಯೂಮಿನಿಯಂ ಹಾಳೆ ಹೊದಿಸುವುದು ಸಾಮಾನ್ಯ ಪದ್ಧತಿ. 0.8 ಮಿ.ಮೀ. ಹಾಳೆ ಚದರ ಮೀಟರಿಗೆ ಎರಡು ಕೆ.ಜಿ.ಗಿಂತ ತುಸು ಹೆಚ್ಚು, ಚೆನ್ನಾಗಿಯೇ ಇರುತ್ತದೆ, ಆದರೆ ಬೆಲೆ ಹೆಚ್ಚು ಮತ್ತು ಸಂದು ಮುಚ್ಚುವುದಕ್ಕೆ ಕೌಶಲ ಬೇಕು. ನಾನು ಬಳಸಿದ್ದು ಬಟ್ಟೆ. ದಪ್ಪ ಹತ್ತಿಯ ಕ್ಯಾನ್ವಾಸನ್ನು ಒಗೆದು ಒಣಗಿಸಿ, ನೀರಿಗೆ ತಾಳುವ ಮರದ ಅಂಟನ್ನು ತುಸು ತೆಳುವಾಗಿಸಿ ಪ್ಲೈವುಡ್ಡಿಗೆ ಬಳಿದು, ಬಟ್ಟೆಯನ್ನು ಸುಕ್ಕಿಲ್ಲದೆ ಎಳೆದು ಹೊದಿಸಿ, ಮೇಲಿನಿಂದ ಮತ್ತೆ ಅಂಟು ಕುಡಿಸಿ, ಒಣಗಿದ ಮೇಲೆ ಮನೆಯ ಹೊರಗೋಡೆಗೆ ಬಳಿಯುವ ಬಣ್ಣವನ್ನು ನಾಲ್ಕು ಸಲ ಕೊಟ್ಟೆವು. ಮೂಲೆಗಳಲ್ಲಿ ಒಂದು ತುಂಡು ಇನ್ನೊಂದರ ಮೇಲೆ ನಾಲ್ಕು ಅಂಗುಲ ಹಾಯಬೇಕು, ಮೇಲಿನ ತುಂಡು ಕೆಳಗಿನದನ್ನು ಮುಚ್ಚಬೇಕು. ಹೆಂಚು ಹೊದಿಸುವ ಕ್ರಮವೇ. ಒಣಗಿದ ಮೇಲೆ ಸಂದೇ ಇಲ್ಲದ ಒಂದೇ ಚರ್ಮದಂತೆ ಆಗುತ್ತದೆ. ಗೀರು ಬಿದ್ದರೆ ಅಂಗೈಯಗಲದ ಬಟ್ಟೆ, ಒಂದು ಕುಂಚ, ಅರ್ಧ ಗಂಟೆ ಸಾಕು.

ಆದರೂ ಚಿತ್ತೆ ಮಳೆಯಲ್ಲಿ ಸೋರಿತು. ಎಲ್ಲಿ ಎಂದು ಹುಡುಕಲು ಎರಡು ದಿನ ಹಿಡಿಯಿತು. ಬಟ್ಟೆಯ ಸಂದಿನಲ್ಲಲ್ಲ, ಕಿಟಕಿಯ ಚೌಕಟ್ಟಿನ ನಾಲ್ಕು ಸ್ಕ್ರೂಗಳ ರಂಧ್ರದಲ್ಲಿ. ರಸ್ತೆಯ ಅದುರಿಗೆ ಸ್ಕ್ರೂ ಒಂದು ಕೂದಲೆಳೆಯಷ್ಟು ಸಡಿಲವಾದರೂ ನೀರು ಅದರ ಎಳೆಗಳನ್ನು ಹಿಡಿದುಕೊಂಡೇ ಒಳಗೆ ಇಳಿದು ಪ್ಲೈವುಡ್ಡಿನ ಅಂಚನ್ನು ನೆನೆಸುತ್ತದೆ. ಹಾಗಾಗಿ ಚಾವಣಿಯಲ್ಲಿ ರಂಧ್ರವನ್ನೇ ಮಾಡಬೇಡಿ ಎಂಬುದು ನಾನು ಕಷ್ಟಪಟ್ಟು ಕಲಿತ ಪಾಠ. ಗೋಡೆಯಲ್ಲಿ ಮಾಡಲೇಬೇಕಾದ ಪ್ರತಿಯೊಂದು ರಂಧ್ರವನ್ನೂ ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು, ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂವಿಗೆ ಚಿಕ್ಕ ರಂಧ್ರ ಕೊರೆಯಿರಿ. ಆಗ ನೀರು ಬಂದರೂ ಮರವನ್ನು ಮುಟ್ಟುವುದಿಲ್ಲ. ಕಿಟಕಿಯ ಅಂಚಿನ ಸಂದು ಮುಚ್ಚಲು ಪಿಯು (ಪಾಲಿಯುರೆಥೇನ್) ಸೀಲಂಟ್ ಬಳಸಿ. ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ.

ಪಾವಗಡ, ಶಿರಾ ಕಡೆಯ ಬಿಸಿಲನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಎರಡು ಹಾಳೆಗಳ ನಡುವೆ ಒಂದು ಅಂಗುಲದ ಥರ್ಮೋಕೋಲ್ ತುಂಬಿದ್ದೇವೆ. ಇಡೀ ಪೆಟ್ಟಿಗೆಗೆ ಐದು ಕೆ.ಜಿ. ಕೂಡ ಆಗಲಿಲ್ಲ. ಚಾವಣಿಗೆ ಬಿಳಿ ಬಣ್ಣ. ಕೆಳಗೊಂದು, ಮೇಲೊಂದು ಗಾಳಿಗಂಡಿ. ಇವು ಚಳಿಗಾಲದಲ್ಲಿಯೂ ತೆರೆದೇ ಇರಬೇಕು, ಏಕೆಂದರೆ ಇಬ್ಬರು ಮಲಗುವ ಇಷ್ಟು ಚಿಕ್ಕ ಜಾಗದಲ್ಲಿ ಉಸಿರಿನ ತೇವ ಗೋಡೆಗೆ ಹನಿಗಟ್ಟುತ್ತದೆ, ಗಾಳಿಯೂ ಕೆಡುತ್ತದೆ. ಥರ್ಮೋಕೋಲಿಗೆ ಬೆಂಕಿ ಬೇಗ ಹತ್ತುತ್ತದೆ. ಆದ್ದರಿಂದ ಒಳಗೆ ಒಲೆ ಹಚ್ಚುವಂತಿಲ್ಲ, ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಎರಡೂ ಬದಿಗೆ ಬಾಗಿಲುಗಳಿವೆ, ಬಾಗಿಲ ಬಳಿ ಒಂದು ಕೆ.ಜಿ.ಯ ಬೆಂಕಿ ನಂದಿಸುವ ಸಿಲಿಂಡರ್ ಇದೆ.

ಹಾಸಿಗೆಯ ವಿಷಯದಲ್ಲಿ ನನ್ನ ಮನಸ್ಸು ಬಹಳ ದಿನ ಒಪ್ಪಲಿಲ್ಲ. ನಮ್ಮದು ತೆಂಗಿನ ಜಿಲ್ಲೆ, ನಾರಿನ ಹಾಸಿಗೆಯೇ ಇರಬೇಕೆಂಬ ಆಸೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಂಗುಲ ದಪ್ಪದ ನಾರಿನ ಹಾಸಿಗೆ ತೂಗಿದಾಗ 19 ಕೆ.ಜಿ. ಬಂತು, ಅದೇ ಅಳತೆಯ ಫೋಮ್ 7 ಕೆ.ಜಿ. ಪುಸ್ತಕದಲ್ಲಿ ಬರೆದ ಮೇಲೆ ವಾದಕ್ಕೆ ಅವಕಾಶವಿರಲಿಲ್ಲ. ಫೋಮಿನ ಅಡಿಗೆ ತೆಳುವಾದ ನಾರಿನ ಚಾಪೆಯೊಂದನ್ನು ಹಾಸಿದ್ದೇವೆ. ಅದರಿಂದ ಹಾಸಿಗೆಯ ತಳಕ್ಕೆ ಗಾಳಿಯಾಡುತ್ತದೆ, ಬೂಷ್ಟು ಹಿಡಿಯುವುದಿಲ್ಲ.

ಅಡುಗೆಯ ಕಟ್ಟೆಯನ್ನು ಬೇರೆ ದೇಶದ ನಕ್ಷೆ ನೋಡಿ ಮಾಡಿದರೆ ನಮ್ಮ ಊಟಕ್ಕೆ ಹೊಂದುವುದಿಲ್ಲ. ಅವರು ಅದರ ಮೇಲೆ ಮೊಟ್ಟೆ ಹುರಿಯುತ್ತಾರೆ, ಕಾಫಿ ಕಾಯಿಸುತ್ತಾರೆ. ನಮ್ಮ ಮನೆಯಲ್ಲಿ ರಾತ್ರಿಗೆ ಮುದ್ದೆ ಆಗಬೇಕು. ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ಮುದ್ದೆ ಕೋಲನ್ನು ಎರಡೂ ಕೈಗಳಲ್ಲಿ ಹಿಡಿದು ತಿರುವುವ ರಭಸಕ್ಕೆ 9 ಮಿ.ಮೀ. ಹಲಗೆಯ ಕಟ್ಟೆ ನಡುಗುತ್ತದೆ, ಟ್ರೇಲರೇ ಅಲ್ಲಾಡುತ್ತದೆ. ಕಟ್ಟೆಯನ್ನು ಅಷ್ಟು ಗಟ್ಟಿ ಮಾಡಿದರೆ ಹಿಂಬದಿಯ ತೂಕ ಏರುತ್ತದೆ. ನನ್ನ ಹೆಂಡತಿ ಇದಕ್ಕೆ ಸುಲಭ ದಾರಿ ತೋರಿಸಿದರು: ಸಾರು, ಪಲ್ಯ, ಕಾಫಿ ಕಟ್ಟೆಯ ಮೇಲೆ, ಮುದ್ದೆಗೆ ಮಾತ್ರ ಬರ್ನರನ್ನು ಇಳಿಸಿ ನೆಲದ ಮೇಲೆ. ಅದಕ್ಕಾಗಿ ಗ್ಯಾಸಿನ ಪೈಪನ್ನು ನೆಲ ಮುಟ್ಟುವಷ್ಟು ಉದ್ದ ಇಟ್ಟಿದ್ದೇವೆ. 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ತುಂಬಿದಾಗ 13 ಕೆ.ಜಿ. ತೂಗುತ್ತದೆ.

ನೀರಿಗೆ ಟ್ಯಾಂಕು, ಸಿಂಕು ಯಾವುದೂ ಇಲ್ಲ. 20 ಲೀಟರಿನ ಎರಡು ಕ್ಯಾನುಗಳು, ಮೇಲೆ ಚಾರ್ಜ್ ಮಾಡಿಕೊಳ್ಳುವ ಪುಟ್ಟ ಪಂಪು. ಹೋದ ಕಡೆಯ ಕೊಳವೆ ಬಾವಿಯ ನೀರು ಕುಡಿದರಾಯಿತು ಎಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಪಾವಗಡದಲ್ಲಿಯೂ ಆಚೆಗೆ ಕೋಲಾರ, ಚಿಕ್ಕಬಳ್ಳಾಪುರದ ಅನೇಕ ಊರುಗಳಲ್ಲಿಯೂ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳು ಹಳ್ಳಿ ಹಳ್ಳಿಯಲ್ಲಿವೆ, ಅಲ್ಲಿ ತುಂಬಿಸಿಕೊಳ್ಳಿ.

ವಿದ್ಯುತ್ತಿನಲ್ಲಿ ಹಣ ಪೋಲಾಗುವುದು ಅಗತ್ಯವನ್ನು ಎಣಿಸದೆ ಬ್ಯಾಟರಿ ಕೊಳ್ಳುವುದರಿಂದ. ನಮ್ಮ ಅಗತ್ಯ ನೋಡಿ. 5 ವ್ಯಾಟಿನ ಮೂರು ಎಲ್‌ಇಡಿ ದೀಪ ಐದು ಗಂಟೆ ಉರಿದರೆ 75 ವ್ಯಾಟ್-ಗಂಟೆ. 15 ವ್ಯಾಟಿನ 12 ವೋಲ್ಟ್ ಫ್ಯಾನು ಎಂಟು ಗಂಟೆ ತಿರುಗಿದರೆ 120. ಎರಡು ಫೋನಿಗೆ 30. ಒಟ್ಟು 225. ಮನೆಯ ಇನ್ವರ್ಟರಿನ 150 ಆಂಪಿಯರ್-ಗಂಟೆಯ ಬ್ಯಾಟರಿ ತಂದಿಡಿ ಎಂದವರಿದ್ದರು. ಅದು 50 ಕೆ.ಜಿ. ಮೀರುತ್ತದೆ. 12.8 ವೋಲ್ಟಿನ, 40 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 512 ವ್ಯಾಟ್-ಗಂಟೆ ಹಿಡಿಯುತ್ತದೆ, ಎರಡು ರಾತ್ರಿಗೆ ಸಾಕು, ತೂಕ ಆರು ಕೆ.ಜಿ.ಯೊಳಗೆ. 100 ವ್ಯಾಟಿನ ಒಂದು ಸೋಲಾರ್ ಫಲಕ ನಮ್ಮ ಬಿಸಿಲಿನಲ್ಲಿ ದಿನಕ್ಕೆ ಬೇಕಾದುದನ್ನು ತುಂಬಿಸಿ ಮಿಗಿಸುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇರುವ ಜಿಲ್ಲೆಯವರಿಗೆ ಬಿಸಿಲಿನ ಬೆಲೆ ಹೇಳಬೇಕಾಗಿಲ್ಲ. ಆದರೆ ಫಲಕವನ್ನು ಚಾವಣಿಗೆ ಬಿಗಿಯಬೇಡಿ. ರಂಧ್ರದ ಕಾರಣ ಹೇಳಿಯಾಗಿದೆ. ಇನ್ನೊಂದು ಕಾರಣ, ಟ್ರೇಲರ್ ಹೊಂಗೆಯ ನೆರಳಿನಲ್ಲಿ ನಿಲ್ಲಬೇಕು, ಫಲಕ ಬಿಸಿಲಿನಲ್ಲಿರಬೇಕು. ಹತ್ತು ಮೀಟರ್ ವೈರಿನೊಡನೆ ಬೇರೆಯಾಗಿಯೇ ಇಡಿ, ವೈರು ತೆಳುವಾಗಿದ್ದರೆ ದಾರಿಯಲ್ಲಿಯೇ ವೋಲ್ಟೇಜ್ ಇಳಿಯುವುದರಿಂದ ದಪ್ಪನೆಯದು ಹಾಕಿ. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು.

ರೂಪಾಯಿಯ ಪುಸ್ತಕವನ್ನೂ ಓದುತ್ತೇನೆ. ಚಾಸಿ, ವರ್ಗಾವಣೆಯ ಖರ್ಚು ಸೇರಿ 42,000. ಹೊಸ ಟೈರು, ಬೇರಿಂಗ್, ದೀಪ, ಸರಪಳಿ 14,500. ಪ್ಲೈವುಡ್, ಪೈನ್, ಬಟ್ಟೆ, ಅಂಟು, ಬಣ್ಣ ಮತ್ತು ಬಡಗಿಯ ಕೆಲ ದಿನಗಳ ಕೂಲಿ 27,000. ಕಿಟಕಿ, ಹಿಂಜು, ಚಿಲಕ, ಸೀಲಂಟ್ 8,000. ವಿದ್ಯುತ್ತಿನದು 19,500. ಹಾಸಿಗೆ, ಅಡುಗೆಯ ಸಾಮಾನು 9,000. ಒಟ್ಟು 1,20,000. ಇದರಲ್ಲಿ ಎಲ್ಲಿ ಕೈ ಬಿಗಿ ಹಿಡಿಯಬಹುದು, ಎಲ್ಲಿ ಹಿಡಿಯಬಾರದು ಎಂಬುದು ನನಗೆ ಈಗ ನಿಶ್ಚಿತ: ಟೈರು, ಬೇರಿಂಗ್, ಕಪ್ಲಿಂಗ್, ವೈರು ಹೊಸದೇ ಆಗಬೇಕು, ಮರ, ಕಿಟಕಿ, ಪಾತ್ರೆ, ಪರದೆ ಹಳೆಯದಾದರೂ ಆಗುತ್ತದೆ. ಹೊಸ ಬೇರಿಂಗ್ ಹಾಕಿದ ಮೇಲೆ ಮೊದಲ ಪ್ರಯಾಣದಲ್ಲಿ 50 ಕಿ.ಮೀ. ಹೋಗಿ ನಿಲ್ಲಿಸಿ, ಗಾಲಿಯ ನಟ್ಟುಗಳನ್ನು ಮತ್ತೆ ಬಿಗಿದು, ಗಾಲಿಯ ನಡುವಿನ ಹಬ್ಬಿನ ಮೇಲೆ ಅಂಗೈಯಿಟ್ಟು ನೋಡಿ. ಕೈ ಇಡಲಾಗದಷ್ಟು ಕಾದಿದ್ದರೆ ಬೇರಿಂಗ್ ಬಿಗಿ ಹೆಚ್ಚಾಗಿದೆ, ಅಥವಾ ಗ್ರೀಸ್ ಸಾಲದು.

ಎಲ್ಲಿಗೆ ಹೋಗುತ್ತೀರಿ ಎಂದು ಮುಂದಿನ ಸಾಲಿನವರು ಆಗಲೇ ಕೇಳಿದರು. ದೇವರಾಯನದುರ್ಗದ ಕಾಡಿನಲ್ಲಾಗಲಿ, ಮೈದನಹಳ್ಳಿಯ ಕೃಷ್ಣಮೃಗಗಳ ಮೀಸಲಿನಲ್ಲಾಗಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ, ತಂಗಲೂಬಾರದು. ನಾವು ಹೋಗುವುದು ನೆಂಟರ, ಸ್ನೇಹಿತರ ತೋಟಗಳಿಗೆ. ಕಳೆದ ತಿಂಗಳು ಬೋರನಕಣಿವೆಯ ಕಡೆಯ ತೆಂಗಿನ ತೋಟವೊಂದರಲ್ಲಿ ಎರಡು ರಾತ್ರಿ ಇದ್ದೆವು. ಪ್ರತಿ ಸಲ ಮನೆಗೆ ಬಂದ ಮೇಲೆ, ಬಳಸದೆ ಹಿಂದಕ್ಕೆ ಬಂದ ಸಾಮಾನನ್ನೆಲ್ಲ ಜಗುಲಿಯ ಮೇಲೆ ಹರಡಿ ತೂಗಿ ಪುಸ್ತಕದಲ್ಲಿ ಬರೆಯುತ್ತೇವೆ. ಈ ಸಲ ಎರಡನೆಯ ಕುಕ್ಕರ್, ಮಡಿಸುವ ಒಂದು ಕುರ್ಚಿ, ಎರಡು ದುಪ್ಪಟಿ ಮತ್ತು ಅರ್ಧ ಡಬ್ಬ ರಾಗಿ ಹಿಟ್ಟು ಹಾಗೆಯೇ ವಾಪಸು ಬಂದಿದ್ದವು. ಒಟ್ಟು 11 ಕೆ.ಜಿ. ಕುರ್ಚಿಯನ್ನೂ ಕುಕ್ಕರನ್ನೂ ಪಟ್ಟಿಯಿಂದ ತೆಗೆದಿದ್ದೇವೆ. ರಾಗಿ ಹಿಟ್ಟನ್ನು ಕಡಿಮೆ ಮಾಡಲು ನನ್ನ ಹೆಂಡತಿ ಒಪ್ಪಲಿಲ್ಲ. ಯಾರಾದರೂ ಊಟಕ್ಕೆ ಬಂದಾರು ಎಂದರು. ಅದನ್ನು ಅಚ್ಚಿನ ಮುಂದಿನ ಖಾನೆಗೆ ಸರಿಸಿದ್ದೇನೆ.